ಕೈ ಬಿಡಿಸುವ ಕಿನುಯೋ

ಕಿನುಯೋಳ ಕೈ ತಾಗಿದರೆ ಸಾಕು, ಬಂಡೆಗೆ ಕಚ್ಚಿಕೊಂಡ ಚಿಪ್ಪೂ ತಾನಾಗಿ ಎದ್ದು ದಾರಿ ಹಿಡಿಯುತ್ತದೆ ಎಂದು ಅಮಾಗಾಸಾಕಿ ಊರಿನ ಕಾಲುವೆ ಓಣಿಯವರು ಹೇಳುತ್ತಿದ್ದರು. ತಂಬಾಕಿನಂಗಡಿಯ ಶಿಮೆ ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. "ಅವಳತ್ತೆ ಪ್ರಾಣಾನೂ ಅವಳೇ ಬಿಡ್ಸಿದ್ದು ಕಣ್ರೇ. ಆ ಮುದುಕಿ ತಾನಾಗಿ ಹೋಗೋ ಪೈಕಿ ಆಗಿರ್ಲಿಲ್ಲ" ಎನ್ನುತ್ತಿದ್ದಳು.

ಅತ್ತೆಯ ಹೆಣ ಹೊರಟ ದಿನವನ್ನು ಓಣಿಯವರು ಯಾರೂ ಮರೆತಿಲ್ಲ. ಪೆಟ್ಟಿಗೆ ಬಾಗಿಲು ದಾಟುತ್ತಲೇ, ಹೋದವರು ದಿನಾ ಉಣ್ಣುತ್ತಿದ್ದ ಅನ್ನದ ಬಟ್ಟಲನ್ನು ಹೊಸ್ತಿಲ ಕಲ್ಲಿನ ಮೇಲೆ ಒಡೆಯಬೇಕು. ಇನ್ನು ಈ ಮನೆಯಲ್ಲಿ ನಿನಗೆ ಅನ್ನವಿಲ್ಲ, ತಿರುಗಿ ಬರಬೇಡ ಎಂದು ಹೇಳುವ ರೀತಿ ಅದು. ಬೇರೆ ಮನೆಗಳ ಸೊಸೆಯರು ಕಣ್ಣೊರೆಸಿಕೊಳ್ಳುತ್ತ ಮೆಲ್ಲಗೆ ಕೈ ಸಡಿಲಿಸುತ್ತಾರೆ, ಬಟ್ಟಲು ಹೋಳಾಗುತ್ತದೆ. ಕಿನುಯೋ ಬೀಸಿದ ರಭಸಕ್ಕೆ ಚೂರೊಂದು ಹಾರಿ ಎದುರುಮನೆಯ ಬೆಕ್ಕಿಗೆ ತಾಗಿತು. ಆ ಬೆಕ್ಕು ಆಮೇಲೆ ಹಾಮುರೊ ಮನೆತನದ ಆ ಹೊಸ್ತಿಲ ಕಡೆ ಸುಳಿಯಲಿಲ್ಲ.

ಗಂಡ ತೈಕಿಚಿ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು. ಜೀವಮಾನವೆಲ್ಲ ಆಕಾಶದಲ್ಲಿ ಒಬ್ಬನೇ ಕೂತು ಕೂತು ನೆಲದವರ ಜೊತೆ ಮಾತಾಡುವುದನ್ನೇ ಬಿಟ್ಟಿದ್ದ. ಮನೆಗೆ ಬಂದರೆ "ಊಟ" ಎನ್ನುವನು, "ಸ್ನಾನ" ಎನ್ನುವನು, "ಮಲಗ್ತೀನಿ" ಎನ್ನುವನು. ಹೆಂಡತಿಯನ್ನು ಕರೆಯಬೇಕಾದರೆ "ಓಯ್". ನಿವೃತ್ತನಾದ ಮೇಲಾದರೂ ಬಾಯಿ ಬಿಟ್ಟಾನು ಎಂದು ಕಾದಿದ್ದಳು ಕಿನುಯೋ. ಬಿಟ್ಟ, ಆಕಳಿಸಲು. ಆದರೂ ದಿನಾ ಬೆಳಗ್ಗೆ ಅವನ ಎಡ ಹೆಗಲೆಲುಬಿನ ಮೇಲೆ ನೋವಿನ ಪಟ್ಟಿ ಅಂಟಿಸುವುದನ್ನು ಅವಳು ತಪ್ಪಿಸಲಿಲ್ಲ. ಕ್ರೇನಿನ ಹಿಡಿಕೆ ಎಳೆದೂ ಎಳೆದೂ ಆ ಹೆಗಲು ಹಾಳಾಗಿತ್ತು. ಅಂಗೈಯಿಂದ ಒತ್ತಿ, ಅಂಚು ಏಳದ ಹಾಗೆ ಹೆಬ್ಬೆರಳಿಂದ ತೀಡಿ, ಕೊನೆಗೆ ಒಂದು ಸಲ ತಟ್ಟುವಳು. ಅವರಿಬ್ಬರ ನಡುವೆ ಉಳಿದಿದ್ದ ಸಂಸಾರ ಅಷ್ಟೆ.

ಅವಳು ದುಡಿಯುತ್ತಿದ್ದುದು ಮೀನಿನ ಕಡುಬು ಮಾಡುವ ಕಾರ್ಖಾನೆಯಲ್ಲಿ. ಮರದ ಹಲಗೆಗೆ ಅಂಟಿದ ಬೆಂದ ಕಡುಬನ್ನು ಚಾಕುವಿನ ಒಂದೇ ಎಳೆತಕ್ಕೆ, ಹಲಗೆಯ ಮೇಲೆ ಚೂರೂ ಉಳಿಯದ ಹಾಗೆ ಬಿಡಿಸುವ ಕೆಲಸ. ಕಾರ್ಖಾನೆ ಮುಚ್ಚಿತು. ಆಗ ತೋಫು ಅಂಗಡಿಯ ಮಿತ್ಸುಎಯ ಮಗ, ಓಸಾಕಾದಲ್ಲಿ ಸಭೆ ಸಮಾರಂಭಗಳಿಗೆ ಆಳು ಒದಗಿಸುವವನು, "ಅಕ್ಕಾ, ನಿಮ್ಮ ಕೈಗೆ ತಕ್ಕ ಕೆಲಸ ಒಂದಿದೆ. ಅಲ್ಲೂ ಬಿಡಿಸೋದೇ. ಕಡುಬಲ್ಲ, ಗಂಡಸರನ್ನ" ಎಂದ.

ಓಸಾಕಾದ ನಿಪ್ಪೊಂಬಾಶಿ ಪೇಟೆಯ ಒಂದು ಮಹಡಿಯ ಮೇಲೆ ಅಮೆದಾಮಾ ಎಂಬ ಹೆಸರಿನ ಹುಡುಗಿಯರ ಗುಂಪು ಹಾಡಿ ಕುಣಿಯುತ್ತಿತ್ತು. ಹಾಡು ಮುಗಿದ ಮೇಲೆ ಮೇಜುಗಳ ಹಿಂದೆ ಹುಡುಗಿಯರು ನಿಲ್ಲುವರು, ಮುಂದೆ ಅಭಿಮಾನಿಗಳ ಸಾಲು. ಅವರ ಹಾಡಿನ ಸಿ.ಡಿ. ಕೊಂಡವನಿಗೆ ಒಂದು ಚೀಟಿ. ಚೀಟಿ ಕೊಟ್ಟರೆ ಮೆಚ್ಚಿದ ಹುಡುಗಿಯ ಎರಡೂ ಕೈ ಹಿಡಿದು ಒಂದೆರಡು ಉಸಿರಿನಷ್ಟು ಹೊತ್ತು ಮಾತಾಡಬಹುದು. ಹೊತ್ತು ಮುಗಿದರೂ ಕೈ ಬಿಡದವನನ್ನು ಬಿಡಿಸಿ ಕಳಿಸಲು ಪಕ್ಕದಲ್ಲಿ ಒಬ್ಬರು ಬೇಕು. ಕರಿ ಅಂಗಿ, ಕರಿ ಟೋಪಿ, ಮೂಗು ಬಾಯಿ ಮುಚ್ಚುವ ಬಿಳಿ ಮುಸುಕು ಹಾಕಿಕೊಂಡು ಕಿನುಯೋ ಅಲ್ಲಿ ನಿಂತಳು.

ಮೊದಲ ದಿನವೇ ಅವಳಿಗೆ ಆ ಕೆಲಸದ ಮರ್ಮ ಸಿಕ್ಕಿತು. ನೂಕಿದರೆ ಗಂಡಸು ಬೇರೂರುತ್ತಾನೆ. ಬೆನ್ನಿನ ಮೇಲೆ ಅಂಗೈ ಚಪ್ಪಟೆಯಾಗಿ ಇಟ್ಟು, ಬಾಗಿಲು ತೆರೆಯುವಂತೆ ಮೆಲ್ಲಗೆ ತಿರುಗಿಸಬೇಕು. ಮೈ ತಿರುಗಿತೆಂದರೆ ಕಾಲು ತಾನಾಗಿ ಹಿಂದೆ ಬರುತ್ತದೆ, ಕಾಲಿನ ಹಿಂದೆ ಮನಸ್ಸು. ಜೊತೆಗೆ ಒಂದೇ ಮಾತು: "ಹೊತ್ತಾಯ್ತು." ಸಿಟ್ಟೂ ಇಲ್ಲ, ಕನಿಕರವೂ ಇಲ್ಲ. ಮನೆಯಲ್ಲಿ "ಬಿಸಿನೀರು ಆಯ್ತು" ಎನ್ನುವ ದನಿಯೇ.

ಸಂಜೆ ಓಣಿಗೆ ಬಂದು ತಂಬಾಕಿನಂಗಡಿಯ ಮುಂದೆ ಎಲ್ಲವನ್ನೂ ಅಭಿನಯಿಸಿ ತೋರಿಸುವಳು. ಒಬ್ಬ ತೊದಲ ಇದ್ದನಂತೆ. ಹುಡುಗಿಯ ಹೆಸರಿನ ಮೊದಲ ಅಕ್ಷರ ದಾಟುವುದರೊಳಗೆ ಅವನ ಹೊತ್ತು ಮುಗಿಯುವುದಂತೆ.

"ಪೂರ್ತಿ ಹೆಸರು ಹೇಳೋಕ್ಕಾದ್ರೂ ಬಿಡ್ಬಾರ್ದಾ? ಅಯ್ಯೋ ಪಾಪ" ಎಂದಳು ಶಿಮೆ ಅಜ್ಜಿ.

"ಪಾಪ ಅಂತ ಕೂತ್ರೆ ಸಾಲು ನಿಂತೋಗತ್ತೆ ಅಜ್ಜಿ. ಮುಂದಿನ ತಿಂಗಳು ಬಂದು ಎರಡನೇ ಅಕ್ಷರ ಹೇಳ್ಲಿ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿನುಯೋ ಎಲ್ಲರಿಗಿಂತ ಹೆಚ್ಚು ನಕ್ಕಳು. ಮನೆಯಲ್ಲಿ ಕೈ ಹಿಡಿಯುವವರಿಲ್ಲದ ಹೆಂಗಸಿಗೆ ಊರವರ ಹಿಡಿದ ಕೈ ಬಿಡಿಸುವುದರಲ್ಲಿ ಒಂದು ರುಚಿ ಹತ್ತಿತ್ತು. ಓಣಿಗೆಲ್ಲ ಗೊತ್ತಿದ್ದ ಈ ಕೆಲಸ ಗೊತ್ತಿಲ್ಲದವನು ತೈಕಿಚಿ ಒಬ್ಬನೇ. ಅವಳೇನೂ ಮುಚ್ಚಿಟ್ಟಿರಲಿಲ್ಲ. ಎಲ್ಲಿಗೆ ಹೋಗುತ್ತೀಯ ಎಂದು ಅವನು ಕೇಳಿರಲಿಲ್ಲ.

ಹೀಗಿರುತ್ತ ಒಂದು ಭಾನುವಾರ ಕೊಹಾಕು ಎಂಬ ಹುಡುಗಿಯ ಸಾಲಿನಲ್ಲಿ, ಕೊರಳಿಗೆ ಜೇನುಬಣ್ಣದ ವಸ್ತ್ರ ಸುತ್ತಿಕೊಂಡು, ಇದ್ದ ನಾಲ್ಕು ಕೂದಲನ್ನು ನೀರು ಹಚ್ಚಿ ಬಾಚಿಕೊಂಡು ಒಬ್ಬ ಮುದುಕ ನಿಂತಿದ್ದ. ಕಿನುಯೋ ಎರಡು ಸಲ ನೋಡಿದಳು. ತೈಕಿಚಿ.

ಪೇಟೆಬೀದಿಯಲ್ಲಿ ಈ ಹುಡುಗಿಯರು ಕರಪತ್ರ ಹಂಚುವಾಗ ಕೊಹಾಕು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು "ಎಷ್ಟು ಬೆಚ್ಚಗಿದೆ ನಿಮ್ಮ ಕೈ! ಬರ್ತೀರಲ್ಲಾ?" ಎಂದಿದ್ದಳು. ಅವನು ಬಂದಿದ್ದ. ಅಷ್ಟೇ ನಡೆದದ್ದು. ಆದರೆ ಅದು ಅವನ ಬಾಯಿಂದ ಬಂದಾಗ ಕಿನುಯೋ ಕಿವಿಯನ್ನೇ ನಂಬಲಿಲ್ಲ. "ನೀವು ಅವತ್ತು ನನ್ನ ಕೈ ಬೆಚ್ಚಗಿದೆ ಅಂದ್ರಿ. ಮನೆಗೋಗಿ ಕೈ ತೊಳೀಲೇ ಇಲ್ಲ!" ಎಂದ ತೈಕಿಚಿ, ನಕ್ಕ. ಅವನಿಗೆ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇಲ್ಲವೆಂಬುದು ಹೆಂಡತಿಗೆ ಆಗ ಗೊತ್ತಾಯಿತು.

ಹುಡುಗಿ ಕಣ್ಣರಳಿಸಿ ನಕ್ಕಳು. "ಹೌದಾ? ಇವತ್ತು ಮೊದಲನೇ ಸಲಾನಾ ನೀವು ಬರ್ತಿರೋದು?"

ಮರೆತಿದ್ದಳು. ಆ ಸಾಲಿನಲ್ಲಿ ನಿಲ್ಲುವವರಿಗೆ ಅದಕ್ಕಿಂತ ದೊಡ್ಡ ಏಟಿಲ್ಲ. ಹುಡುಗಿ ತನ್ನನ್ನು ನೆನಪಿಟ್ಟುಕೊಳ್ಳಲಿ ಎಂದೇ ಅವರು ಅನ್ನ ಬಿಟ್ಟು ಚೀಟಿ ಕೊಳ್ಳುವುದು. ತೈಕಿಚಿಯ ನಗು ಕುಸಿಯಿತು. ಕಿನುಯೋ ಅವನ ಬೆನ್ನಿಗೆ ಕೈಯಿಟ್ಟಳು. ಅಂಗಿಯ ಅಡಿಯಲ್ಲಿ, ಬೆಳಗ್ಗೆ ತಾನೇ ಅಂಟಿಸಿದ ನೋವಿನ ಪಟ್ಟಿ ಅಂಗೈಗೆ ತಾಗಿತು. ಒತ್ತಿದಳು. ಹೆಬ್ಬೆರಳಿಂದ ಅಂಚು ತೀಡಿದಳು. "ಹೊತ್ತಾಯ್ತು" ಎಂದಳು.

ಅವನು ತಿರುಗಿ ನಡೆದ. ಅವಳ ಕಡೆ ನೋಡಲೂ ಇಲ್ಲ. ಬಾಗಿಲಿನ ಹಿಡಿಕೆಯ ಮುಖವನ್ನು ಯಾರು ನೋಡುತ್ತಾರೆ?

ಆವತ್ತೇ ಕಿನುಯೋ ಮನಸ್ಸಿನಲ್ಲಿ ಒಂದು ಗೆರೆ ಎಳೆದಳು. ನನ್ನ ಕೈಯನ್ನು ಇವನು ಒಂದು ಸಲ, ಒಂದೇ ಒಂದು ಸಲ, ಇದು ನನ್ನ ಹೆಂಡತಿಯ ಕೈ ಎಂದು ಗುರುತಿಸಲಿ. ಆ ಹುಡುಗಿಯನ್ನೂ ಕ್ಷಮಿಸುತ್ತೇನೆ, ಇವನನ್ನೂ ಕ್ಷಮಿಸುತ್ತೇನೆ, ಸಾಯುವ ತನಕ ಪಟ್ಟಿ ಅಂಟಿಸುತ್ತೇನೆ. ಗುರುತಿಸದಿದ್ದರೆ ಏನು ಎಂಬುದನ್ನು ಅವಳು ಇನ್ನೂ ಯೋಚಿಸಿರಲಿಲ್ಲ.

ಮುಂದಿನ ಸಲ ಬಂದಾಗ ತೈಕಿಚಿ ಒಂದು ಉಪಾಯ ಮಾಡಿಕೊಂಡು ಬಂದಿದ್ದ.

"ಕೊಹಾಕು-ಚಾನ್, ನನ್ನ ಹೆಂಡ್ತಿ ಹೋಗ್ಬಿಟ್ಳು. ಒಬ್ನೇ ಇದೀನಿ. ನಿಮ್ಮ ಹಾಡು ಕೇಳಿದ್ರೆ ಮಾತ್ರ ನಿದ್ದೆ ಬರತ್ತೆ."

ಹುಡುಗಿಯ ಕಣ್ಣು ತುಂಬಿತು. ಎರಡೂ ಕೈಯಲ್ಲಿ ಅವನ ಕೈಯನ್ನು ಬಿಗಿಯಾಗಿ ಹಿಡಿದಳು. ಅವನ ಹೊತ್ತು ಎಂದೋ ಮುಗಿದಿತ್ತು, ಆದರೆ ಬಿಡಿಸಬೇಕಾದ ಕೈ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಹಿಂದಿನವರು ಗೊಣಗಿದ ಮೇಲೆ ಕಿನುಯೋ ಎಚ್ಚೆತ್ತಳು. ಹೆಂಡತಿ ಸತ್ತದ್ದಕ್ಕೆ ನಾಲ್ಕು ಉಸಿರು ಹೆಚ್ಚು ಸಿಕ್ಕಿತೆಂದು ತೈಕಿಚಿ ಲೆಕ್ಕ ಹಾಕಿಕೊಂಡ. ಕೊಟ್ಟವಳು ಯಾರೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

ಆವತ್ತು ಸಂಜೆ ಊಟ ಬಡಿಸುತ್ತ ಕಿನುಯೋ ಕೇಳಿದಳು. "ನಾನು ಸತ್ತೋದ್ರೆ ಏನ್ ಮಾಡ್ತೀರಿ?"

ತೈಕಿಚಿ ಟೀವಿಯಿಂದ ಕಣ್ಣು ತೆಗೆಯದೆ, "ಉಪ್ಪಿನಕಾಯಿ ಭರಣಿ ಕಲಸೋರ್ಯಾರು?" ಎಂದ. ತೌಡಿನಲ್ಲಿ ಹೂತಿಟ್ಟ ಮೂಲಂಗಿ ಸೌತೆಗಳ ಭರಣಿ ಅದು. ದಿನಾ ಕೈ ಹಾಕಿ ಕಲಸದಿದ್ದರೆ ಕೆಡುತ್ತದೆ.

ಅವಳು ಇದನ್ನೂ ತಂಬಾಕಿನಂಗಡಿಯ ಮುಂದೆ ಹೇಳಿದಳು, ನಗುನಗುತ್ತಲೇ. "ಕೇಳಿದ್ರಾ, ನಾನು ಸತ್ತೋಗಿದೀನಂತೆ!" ಓಣಿಯವರಿಗೆ ಅದು ಹಬ್ಬವಾಯಿತು. ಮಾರನೆಯ ದಿನ ಮಿತ್ಸುಎ ತೋಫು ಕೊಡುತ್ತ, "ಪ್ರೇತಗಳಿಗೆ ಕರಿದಿದ್ದು ಕೊಡ್ಲೋ, ಹಸೀದೋ?" ಎಂದಳು.

"ಕರಿದಿದ್ದೇ ಕೊಡಮ್ಮ, ಹೇಗೂ ನನ್ನ ಸುಟ್ಟಾಗಿದೆಯಲ್ಲ" ಎಂದಳು ಕಿನುಯೋ.

ಪ್ರೇತಕ್ಕೆ ಕಾಲಿರುವುದಿಲ್ಲವೆಂದು ಶಿಮೆ ಅಜ್ಜಿ ಅವಳು ಹಾದುಹೋದಾಗಲೆಲ್ಲ ಬಗ್ಗಿ ಕಾಲು ನೋಡುವಳು. "ಕಾಲಿದೆ ಕಣ್ರೇ ಇನ್ನೂ! ಪೂರ್ತಿ ಸತ್ತಿಲ್ಲ!"

ನಗುವಿನ ಮಧ್ಯೆ ಯಾರೂ ಗಮನಿಸಲಿಲ್ಲ, ಕಿನುಯೋ ಅಭಿನಯಿಸಿ ತೋರಿಸುವುದನ್ನು ನಿಲ್ಲಿಸಿದ್ದಳು.

ತಿಂಗಳಿಗೊಮ್ಮೆ ತೈಕಿಚಿ ಅವಳನ್ನು ಇನ್ನಷ್ಟು ಸಾಯಿಸಿದ. ಒಮ್ಮೆ ಹೊಟ್ಟೆಯಲ್ಲಿ ಗೆಡ್ಡೆಯಾಯಿತು. ಒಮ್ಮೆ ಆಸ್ಪತ್ರೆಯ ಕಿಟಕಿಯಾಚೆ ಚೆರ್ರಿ ಹೂ ಉದುರಿದವು. ಇನ್ನೊಮ್ಮೆ ಸಾಯುವ ಗಳಿಗೆಯ ಮಾತು ಬಂತು: "ಕೊನೇಲಿ ನನ್ನ ಕೈ ಹಿಡ್ಕೊಂಡು, ನೀವು ನಗ್ತಾ ಇರ್ಬೇಕು ಅಂದ್ಲು." ಕ್ರೇನು ನಡೆಸಿದವನಲ್ಲಿ ಇಷ್ಟು ಕಥೆ ಇತ್ತೆಂದು ಯಾರಿಗೆ ಗೊತ್ತಿತ್ತು! ಈಗ ಕೊಹಾಕು ಅವನನ್ನು ದೂರದಿಂದಲೇ ಗುರುತಿಸುವಳು. "ತೈ-ಸಾನ್! ಅಮ್ಮನವರಿಗೆ ಹೂವು ಇಟ್ರಾ?" ಅಷ್ಟಕ್ಕೇ ಅವನ ಮುಖ ಹಣತೆಯಾಗುತ್ತಿತ್ತು. ಕಿನುಯೋ ಪಟ್ಟಿಯ ಮೇಲೆ ಅಂಗೈ ಇಡುವಳು, ತೀಡುವಳು, ಒಮ್ಮೊಮ್ಮೆ ಬೆಳಗಿನಂತೆಯೇ ತಟ್ಟಿಯೂ ನೋಡುವಳು. "ಹೊತ್ತಾಯ್ತು." ಅವನು ತಿರುಗುವನು, ಹೋಗುವನು.

ಆ ಸಾಲಿನಲ್ಲಿ ಗೆಳೆತನಗಳೂ ಹುಟ್ಟುತ್ತವೆ. ಕುವಾಬಾರಾ ಎಂಬ ಬೈಸಿಕಲ್ ಅಂಗಡಿಯವನು ಕೊಹಾಕುವಿನ ಅಭಿಮಾನಿಗಳಿಗೆಲ್ಲ ಹಿರಿಯ, ದಪ್ಪ ಮನುಷ್ಯ, ಮೃದು ಹೃದಯ. ಎಲ್ಲರಿಗೂ ಹೊಸ ವರ್ಷದ ಕಾರ್ಡು ಕಳಿಸಲೆಂದು ತೈಕಿಚಿಯ ವಿಳಾಸವನ್ನೂ ಕೇಳಿ ಇಟ್ಟುಕೊಂಡಿದ್ದ. ಆ ವಸಂತದಲ್ಲಿ ಕೊಹಾಕು ತಾನಿನ್ನು ಹಾಡುವುದನ್ನು ಬಿಡುತ್ತೇನೆಂದು ಸಾರಿದಳು. ಕಡೆಯ ದಿನ ಅವಳ ಮುಂದೆ ನಿಂತು ತೈಕಿಚಿ ಏನೋ ಒಂದು ದೊಡ್ಡದನ್ನು ಹೇಳಬೇಕೆಂದು ತಡಕಾಡಿ, "ಈ ಬರೋ ಭಾನುವಾರ ಅವಳು ಹೋದ ಏಳನೇ ವರ್ಷದ ಪೂಜೆ" ಎಂದುಬಿಟ್ಟ. ಹುಡುಗಿ ಅತ್ತಳು. ಅವನ ಹಿಂದೆ ನಿಂತಿದ್ದ ಕುವಾಬಾರಾನೂ ಅತ್ತ.

ಆ ಅಳುವಿನಲ್ಲೇ ಕುವಾಬಾರಾನಿಗೊಂದು ಯೋಚನೆ ಹೊಳೆಯಿತು. ಪಾಪ ತೈ-ಸಾನ್, ಹುಡುಗಿಯೂ ಹೋದಳು, ಹೆಂಡತಿಯ ಪೂಜೆಗೆ ಬರುವವರೂ ಇಲ್ಲ. ನಾವೇ ಹೋಗಿ ಧೂಪ ಹಚ್ಚೋಣ. ಹೇಳದೆ ಹೋಗೋಣ, ಹೇಳಿದರೆ ಸಂಕೋಚಪಟ್ಟುಕೊಳ್ಳುತ್ತಾರೆ.

ಭಾನುವಾರ ಬೆಳಗ್ಗೆ ಕಾಲುವೆ ಓಣಿಗೆ ಐದಾರು ಗಂಡಸರು ಬಂದರು. ಕರಿ ಸೂಟು, ಕರಿ ಟೈ, ಎದೆಯ ಜೇಬಿನಲ್ಲಿ ಜೇನುಬಣ್ಣದ ವಸ್ತ್ರ. ಶಿಮೆ ಅಜ್ಜಿ ಅಂಗಡಿಯಿಂದ ಅರ್ಧ ಹೊರಗೆ ಬಂದು ನಿಂತಳು. ತೈಕಿಚಿ ಪಚಿಂಕೊ ಜೂಜಿನ ಅಂಗಡಿಗೆ ಹೋಗಿದ್ದ. ಬಾಗಿಲು ತೆರೆದವಳು ಕಿನುಯೋ.

"ಹಾಮುರೊ-ಸಾನ್ ಮನೆ ಇದೇ ಅಲ್ವಾ? ಅವರ ಹೆಂಡ್ತಿಯವರ ಏಳನೇ ವರ್ಷದ್ದು ಅಂತ ಕೇಳ್ಪಟ್ವಿ. ತಮ್ಮ ಅಡ್ಡಿ ಇಲ್ದಿದ್ರೆ, ಒಂದು ಕಡ್ಡಿ ಧೂಪ..." ಎಂದು ಕುವಾಬಾರಾ ಸೊಂಟ ಮುರಿಯುವಷ್ಟು ಬಗ್ಗಿದ.

ಅವನನ್ನು ಎಷ್ಟು ಸಲ ಇದೇ ಕೈಯಿಂದ ತಿರುಗಿಸಿ ಕಳಿಸಿದ್ದಳೋ! ಅವನಿಗೂ ಗುರುತು ಸಿಗಲಿಲ್ಲ. ಕಿನುಯೋ ಅವನ ಬಗ್ಗಿದ ತಲೆಯನ್ನು ನೋಡಿದಳು, ಎದುರಿಗೆ ಬಾಯಿಗೆ ಸೆರಗಿನಂತೆ ಅಂಗಿಯ ತೋಳು ಅಡ್ಡ ಹಿಡಿದುಕೊಂಡಿದ್ದ ಶಿಮೆ ಅಜ್ಜಿಯನ್ನು ನೋಡಿದಳು.

"ದೂರದಿಂದ ಬಂದಿದೀರಿ. ಒಳಗೆ ಬನ್ನಿ. ನಾನು ಅವಳ ತಂಗಿ" ಎಂದಳು.

ಅವರು ಚಪ್ಪಲಿ ಬಿಡುವಷ್ಟರಲ್ಲಿ, ಕಾರ್ಖಾನೆಯವರು ಬಿಸಿನೀರಿನ ಬುಗ್ಗೆಗೆ ಪ್ರವಾಸ ಹೋದಾಗ ತೆಗೆದ ತನ್ನ ಪಟವನ್ನು ಗೋಡೆಯಿಂದ ಇಳಿಸಿ, ಮನೆಯ ಪೂಜಾ ಗೂಡಿನಲ್ಲಿ ಅತ್ತೆ ಮಾವಂದಿರ ಹೆಸರಿನ ಹಲಗೆಗಳ ಪಕ್ಕ ನಿಲ್ಲಿಸಿದಳು. ಧೂಳು ಒರೆಸಿದಳು. ತನ್ನ ಅನ್ನದ ಬಟ್ಟಲಿನಲ್ಲಿ ಸತ್ತವರಿಗೆ ಇಡುವಂತೆ ಬಿಸಿ ಅನ್ನ ಗೋಪುರವಾಗಿ ತುಂಬಿ ಪಟದ ಮುಂದಿಟ್ಟಳು.

"ತುಂಬಾ ಹೋಲ್ತೀರಾ ಅಕ್ಕನ್ನ" ಎಂದ ಒಬ್ಬ.

"ಎಲ್ಲರೂ ಹಾಗೇ ಅಂತಾರೆ. ಅವಳೇ ಸ್ವಲ್ಪ ಚೆಂದ ಇದ್ಲು."

ಒಬ್ಬೊಬ್ಬರಾಗಿ ಮಂಡಿಯೂರಿ ಗಂಟೆ ಬಾರಿಸಿ ಧೂಪ ಹಚ್ಚಿದರು. ಕೊಹಾಕು ಪಟಕ್ಕೆಂದು ಕೊಟ್ಟು ಕಳಿಸಿದ್ದ ಕಾರ್ಡನ್ನು ಕುವಾಬಾರಾ ಅನ್ನದ ಬಟ್ಟಲಿಗೆ ಒರಗಿಸಿಟ್ಟ. ಕೊನೆಗೆ ನಾಚುತ್ತ ಜೇಬಿನಿಂದ ಹಾಡಿನ ಸಭೆಯಲ್ಲಿ ಬೀಸುವ ದೀಪದ ಕಡ್ಡಿ ತೆಗೆದು, "ಇದು ಕೊಹಾಕು-ಚಾನ್ ಬಣ್ಣ. ಅಮ್ಮನವರಿಗೆ ಒಂದ್ಸಲ ತೋರಿಸ್ಲಾ?" ಎಂದು ಕೇಳಿದ. ಎಲ್ಲರೂ ಹಚ್ಚಿದರು. ಜೇನುಬಣ್ಣದ ಬೆಳಕಿನಲ್ಲಿ ಪಟದ ಕಿನುಯೋ ನಗುತ್ತಿದ್ದಳು. ಬದುಕಿದ್ದ ಕಿನುಯೋ ಚಹಾ ಸುರಿಯುತ್ತಿದ್ದಳು.

ಅಷ್ಟರಲ್ಲಿ ತೈಕಿಚಿ ಬಂದ.

ಬಾಗಿಲಲ್ಲೇ ನಿಂತ. ಕರಿ ಸೂಟುಗಳನ್ನು ನೋಡಿದ, ಬೆಳಕಿನ ಕಡ್ಡಿಗಳನ್ನು ನೋಡಿದ, ಪಟ ನೋಡಿದ, ಚಹಾದ ಕೆಟಲು ಹಿಡಿದವಳನ್ನು ನೋಡಿದ. ಮುಖ ಬೆಂದ ಮೀನಿನಂತೆ ಬಿಳುಚಿತು.

"ಬನ್ನಿ ಭಾವ. ನಿಮ್ಮನ್ನೇ ಕಾಯ್ತಾ ಇದ್ವಿ. ಅಕ್ಕಂಗೆ ಧೂಪ ಹಾಕಿ" ಎಂದಳು ಕಿನುಯೋ.

ಒಂದು ಮಾತು ಸಾಕಿತ್ತು. ಇವಳೇ ನನ್ನ ಹೆಂಡತಿ, ನಾನು ಸುಳ್ಳುಗಾರ ಎಂದು ನೆಲಕ್ಕೆ ಹಣೆ ಹಚ್ಚಿದ್ದರೆ ಆ ಗಂಡಸರು ಎದ್ದು ಹೋಗುತ್ತಿದ್ದರು, ಓಣಿಯವರು ಒಂದು ವರ್ಷ ನಗುತ್ತಿದ್ದರು, ಆಮೇಲೆ ಮರೆಯುತ್ತಿದ್ದರು. ಕಿನುಯೋ ಕಾದಳು. ಕೆಟಲಿನ ಮೂತಿಯಿಂದ ಚಹಾ ಹನಿಹನಿಯಾಗಿ ಚಾಪೆಗೆ ಬೀಳುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ. ತೈಕಿಚಿಯ ಕಣ್ಣು ಅವಳ ಮುಖದ ಮೇಲೆ ನಿಂತಿತು, ಬಟ್ಟಲಿಗೆ ಒರಗಿದ್ದ ಕೊಹಾಕುವಿನ ಕಾರ್ಡಿನ ಕಡೆ ಸರಿಯಿತು, ಅಲ್ಲೇ ಉಳಿಯಿತು. ಅವನು ಮಂಡಿಯೂರಿದ. ಗಂಟೆ ಬಾರಿಸಿದ. ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದ.

"ಕೊನೇ ಮಾತು ಇವರಿಗೂ ಹೇಳಿ ತೈ-ಸಾನ್" ಎಂದು ಕುವಾಬಾರಾ ಮೂಗೊರೆಸಿಕೊಂಡ. "ಇವರೂ ಕೇಳ್ಲಿ, ತಂಗಿಯಲ್ವಾ."

ತೈಕಿಚಿ ಹೇಳಿದ. ಗೆಡ್ಡೆ, ಕಿಟಕಿ, ಹೂವು, ಹಿಡಿದ ಕೈ, ನಗ್ತಾ ಇರ್ಬೇಕು. ಹೇಳುತ್ತ ಹೇಳುತ್ತ ಅವನಿಗೆ ನಿಜವಾಗಿಯೇ ಅಳು ಬಂತು. ಬಿಕ್ಕಿದ. ಮಾತು ಮುಗಿಯುವ ಹಾಗೆ ಕಾಣಲಿಲ್ಲ.

ಕಿನುಯೋ ಎದ್ದು ಹಿಂದಿನಿಂದ ಬಂದು ಅವನ ಎಡ ಹೆಗಲೆಲುಬಿನ ಮೇಲೆ ಅಂಗೈ ಇಟ್ಟಳು. ಪಟ್ಟಿ ಅಲ್ಲೇ ಇತ್ತು. ಹೆಬ್ಬೆರಳಿಂದ ಅಂಚು ತೀಡಿ, ಬಾಗಿಲು ತೆರೆಯುವಂತೆ ಅವನನ್ನು ಪಟದಿಂದ ತಿರುಗಿಸಿದಳು.

"ಹೊತ್ತಾಯ್ತು."

ತೈಕಿಚಿಯ ಅಳು ನಿಂತಿತು. ಬೆನ್ನು ನೆಟ್ಟಗಾಯಿತು. ಈಗ ಗುರುತಿಸಿದ. ಕುವಾಬಾರಾನ ಕೈಯಲ್ಲಿದ್ದ ದೀಪದ ಕಡ್ಡಿಯೂ ಕೆಳಗೆ ಬಿತ್ತು. ಅವನ ಬೆನ್ನಿಗೂ ಆ ದನಿ ಚೆನ್ನಾಗಿ ಗೊತ್ತಿತ್ತು. ಅವನು ಪಟ ನೋಡಿದ, ಕಿನುಯೋಳನ್ನು ನೋಡಿದ, ತೈಕಿಚಿಯನ್ನು ನೋಡಲಾರದೆ ಚಾಪೆ ನೋಡಿದ. ಗಂಡಸರು ಒಬ್ಬರ ಹಿಂದೊಬ್ಬರು ಬಗ್ಗಿ ಬಗ್ಗಿ ಹೊರಗೆ ಹೋದರು. ಯಾರನ್ನೂ ಬಿಡಿಸಬೇಕಾಗಲಿಲ್ಲ.

ಮನೆಯಲ್ಲಿ ಇಬ್ಬರೇ ಉಳಿದರು. ತೈಕಿಚಿಯ ತುಟಿ ಅಲುಗಿತು.

"ಅಲ್ಲಿ ನಿಂತಿರ್ತಿದ್ದಿದ್ದು... ನೀನಾ?"

"ಹೂಂ."

ಕಿನುಯೋ ಎದುರಿಗೆ ಕೂತಳು. ಇನ್ನೊಂದು ಮಾತು ಬರಲಿ ಎಂದು ಮತ್ತೆ ಕಾದಳು. ತಡವಾದರೂ ಗುರುತಿಸಿದನಲ್ಲ, ಈಗಲಾದರೂ ಒಂದು ಮಾತು.

"ಹಾಗಾದ್ರೆ ನೀನು... ಕೊಹಾಕುಗೆ ಹೇಳ್ಬಿಟ್ಟಿದೀಯಾ?"

ಕಿನುಯೋ ಎದ್ದಳು.

ಕರಿ ಅಂಗಿ, ಎರಡು ಬಟ್ಟೆ ಒಂದು ಚೀಲಕ್ಕೆ ಹಾಕಿದಳು. ಗೂಡಿನಲ್ಲಿದ್ದ ಬಟ್ಟಲಿನ ಅನ್ನವನ್ನು ಅವನ ತಟ್ಟೆಗೆ ಸುರಿದಳು. ಅಡಿಗೆಮನೆಗೆ ಹೋಗಿ, ಮೊಣಕೈವರೆಗೆ ತೋಳೇರಿಸಿ ಉಪ್ಪಿನಕಾಯಿ ಭರಣಿಯನ್ನು ಒಮ್ಮೆ ಅಡಿಮೇಲಾಗಿ ಕಲಸಿ, ಮುಚ್ಚಳ ಬಿಗಿದು, ಬಟ್ಟೆಯಲ್ಲಿ ಕಟ್ಟಿದಳು. ಪಟವನ್ನು ಅಲ್ಲೇ ಬಿಟ್ಟಳು. ಬೇಕಾದವರು ಹೂವು ಇಡಲಿ.

"ಓಯ್" ಎಂದ ತೈಕಿಚಿ. "ಓಯ್. ಭರಣಿ ಯಾಕೆ?"

ಹೊರಗೆ ಓಣಿಯೆಲ್ಲ ನಿಂತಿತ್ತು. ಮಿತ್ಸುಎಯ ಬಾಯಲ್ಲಿ ಒಂದು ತಮಾಷೆ ತಯಾರಿತ್ತು. ಕಿನುಯೋ ಹೊಸ್ತಿಲು ದಾಟಿ ತಿರುಗಿ ನಿಂತು ತನ್ನ ಬಟ್ಟಲನ್ನು ಎತ್ತಿದಾಗ ಮಿತ್ಸುಎ ಆ ತಮಾಷೆಯನ್ನು ನುಂಗಿದಳು. ಬಟ್ಟಲು ಕಲ್ಲಿಗೆ ಬಿದ್ದ ಸದ್ದು ಕಾಲುವೆಯಾಚೆಗೂ ಕೇಳಿಸಿತು. ಈ ಸಲ ಬೆಕ್ಕು ಮೊದಲೇ ಓಡಿತ್ತು.

ಶಿಮೆ ಅಜ್ಜಿ ಅಭ್ಯಾಸಬಲದಿಂದ ಕೈ ಜೋಡಿಸಿಬಿಟ್ಟಳು, ಹೆಣ ಹೊರಟಾಗ ಜೋಡಿಸುವ ಹಾಗೆ. ಆಮೇಲೆ ನಾಚಿ ಕೈ ಇಳಿಸಿ, "ಎಲ್ಲಿಗೆ ಹೋಗ್ತೀಯೇ?" ಎಂದು ಪಿಸುಗುಟ್ಟಿದಳು.

"ಇಷ್ಟೊತ್ತಿಗೆ ಹೋಗಿರ್ಬೇಕಿತ್ತು ಅಜ್ಜಿ. ಏಳನೇ ವರ್ಷದ್ದೂ ಮುಗೀತು" ಎಂದಳು ಕಿನುಯೋ. ಭರಣಿಯನ್ನು ಸೊಂಟಕ್ಕೆ ಏರಿಸಿಕೊಂಡು, ಚೂರುಗಳನ್ನು ದಾಟಿ, ಸ್ಟೇಷನ್ನಿನ ಕಡೆ ನಡೆದಳು.